ಹೆಡ್‌ಲೈಟಾಭಾವ ಮೀಮಾಂಸೆ

ಕತ್ತಲೆ ಒಂದು ವಸ್ತುವೋ, ಬೆಳಕಿನ ಅಭಾವ ಮಾತ್ರವೋ ಎಂಬ ಜಗಳ ನಮ್ಮ ಶಾಸ್ತ್ರಗಳಲ್ಲಿ ಹಳೆಯದು. ಅದಕ್ಕೆ ಬಣ್ಣವಿದೆ, ಚಲನೆಯಿದೆ, ಆದ್ದರಿಂದ ದ್ರವ್ಯವೇ ಎಂದರು ಭಾಟ್ಟ ಮೀಮಾಂಸಕರು. ದ್ರವ್ಯಗಳು ಒಂಬತ್ತೇ, ಹತ್ತನೆಯದಕ್ಕೆ ಜಾಗವಿಲ್ಲ, ಕತ್ತಲೆಯೆಂದರೆ ತೇಜಸ್ಸಿನ ಅಭಾವವಷ್ಟೇ ಎಂದರು ನೈಯಾಯಿಕರು. 17ನೆಯ ಶತಮಾನದ ಅನ್ನಂಭಟ್ಟ ತನ್ನ ‘ತರ್ಕಸಂಗ್ರಹ’ಕ್ಕೆ ತಾನೇ ‘ದೀಪಿಕಾ’ ಎಂಬ ವ್ಯಾಖ್ಯಾನ ಬರೆದು ನೈಯಾಯಿಕರ ಪಕ್ಷವನ್ನೇ ಎತ್ತಿಹಿಡಿದ. ಆದರೆ ಅವನಿಗೆ ಹಳೆಯ ಕಾರಿರಲಿಲ್ಲ. ಇದ್ದಿದ್ದರೆ, ಆಗುಂಬೆ ಘಾಟಿಯ 14 ತಿರುವುಗಳ ನಡುವೆ ಎಲ್ಲೋ ಡಿಮ್ಮೂ ಬ್ರೈಟೂ ಒಟ್ಟಿಗೆ ಆರಿದಾಗ, ಕತ್ತಲೆಗೆ ಬಣ್ಣವೇನು, ತೂಕವೂ ಇದೆಯೆಂದು ಒಪ್ಪಿಕೊಳ್ಳುತ್ತಿದ್ದ.

ಶಾಸ್ತ್ರವೆಂದಮೇಲೆ ವಿಷಯ, ಪ್ರಯೋಜನ, ಅಧಿಕಾರಿ ಇವನ್ನು ಮೊದಲೇ ಹೇಳಬೇಕು. ವಿಷಯ: ಕುಟುಂಬವಾಹನದ ಬಾಹ್ಯದೀಪಗಳು. ಪ್ರಯೋಜನ: ಕತ್ತಲಾಗುವ ಮುಂಚೆ ಊರು ಸೇರುವ ವಿವೇಕ. ಅಧಿಕಾರಿ: ಯಾರ ಕಾರಿಗೆ 15 ವರ್ಷ ತುಂಬಿ, ಐದೈದು ವರ್ಷಕ್ಕೆ ಆರ್‌ಟಿಒ ಅಂಗಳದಲ್ಲಿ ಎಫ್‌ಸಿಗೆಂದು ನಿಲ್ಲಬೇಕಾಗಿದೆಯೋ ಅವನು. ಹೊಸ ಕಾರಿನವರಿಗೆ ಈ ವಿದ್ಯೆ ಸದ್ಯಕ್ಕೆ ದಕ್ಕದು, ಕಾಯಲಿ.

ಅಭಾವ ನಾಲ್ಕು ಬಗೆ. ಮೊದಲನೆಯದು ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಅಂತ್ಯವಿದೆ. ಸ್ವಿಚ್ ತಿರುಗಿಸಿದ್ದಾಗಿದೆ, ದೀಪ ಇನ್ನೂ ಹತ್ತಿಲ್ಲ, ಆದರೆ ಹತ್ತುತ್ತದೆ: ಬಾನೆಟ್ಟಿನ ಮೇಲೆ ಒಂದು ಗುದ್ದು ಬಿದ್ದ ಕೂಡಲೇ. ಎರಡನೆಯದು ಪ್ರಧ್ವಂಸಾಭಾವ. ಇದಕ್ಕೆ ಆದಿಯಿದೆ, ಅಂತ್ಯವಿಲ್ಲ; ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ತುಂಡಾಯಿತೆಂದರೆ ಎಷ್ಟು ಗುದ್ದಿದರೂ ಕೈನೋವಷ್ಟೇ ಲಾಭ. ಮೂರನೆಯದು ಅತ್ಯಂತಾಭಾವ: ಮೂರು ಕಾಲದಲ್ಲೂ ಇಲ್ಲದ್ದು. ಹಿಂದಿನ ನಂಬರ್ ಪ್ಲೇಟಿನ ದೀಪವನ್ನು ನೋಡಿ. ಹೆಚ್ಚಿಗೆ ವಿವರಣೆ ಬೇಡ.

ನಾಲ್ಕನೆಯದಾದ ಅನ್ಯೋನ್ಯಾಭಾವದಲ್ಲೇ ಶಾಸ್ತ್ರದ ಸಾರವಿದೆ. ಘಟ ಪಟವಲ್ಲ, ಪಟ ಘಟವಲ್ಲ ಎಂಬಂತೆ ಬ್ರೇಕ್‌ಲೈಟು ಇಂಡಿಕೇಟರ್ ಅಲ್ಲ ಎಂದು ನ್ಯಾಯ ಹೇಳುತ್ತದೆ. ಹಳೆಯ ಕಾರು ಒಪ್ಪುವುದಿಲ್ಲ. ಬಲಕ್ಕೆ ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟು ತಾಳ ಹಾಕುತ್ತದೆ. ಬ್ರೇಕ್ ಒತ್ತಿದರೆ ರಿವರ್ಸ್ ಲೈಟು ಮಿಣುಕುತ್ತದೆ. ಹಿಂದಿನ ಲಾರಿಯವನು ಇದನ್ನು ಅದ್ವೈತವೆಂದು ಭಾವಿಸಿ ಸುಮ್ಮನಿರುವವನಲ್ಲ. ಕಾರಣ ಸರಳ. ಬ್ಯಾಟರಿಯಿಂದ ಬಲ್ಬಿಗೆ ಹೋಗಲು ಕರೆಂಟಿಗೆ ಪ್ರತ್ಯೇಕ ವೈರಿದೆ, ವಾಪಸ್ ಬರಲು ಮಾತ್ರ ಕಾರಿನ ಬಾಡಿಯೇ ದಾರಿ. ಅರ್ಥ್ ಎಂಬ ಆ ಜೋಡಣೆಯ ಬೋಲ್ಟಿಗೆ ತುಕ್ಕು ಹಿಡಿದರೆ ಕರೆಂಟು ಪಕ್ಕದ ಬಲ್ಬಿನ ತಂತಿಯೊಳಗೆ ನುಸುಳಿ ಮನೆ ಸೇರುತ್ತದೆ. ನುಸುಳಿದಲ್ಲೆಲ್ಲ ಅಷ್ಟಷ್ಟು ಬೆಳಕು.

ಈ ನಾಲ್ಕರಲ್ಲಿ ಯಾವುದಕ್ಕೂ ಸೇರದ್ದು ಲೂಸ್ ಕಾಂಟ್ಯಾಕ್ಟ್. ಇದೆಯೆನ್ನುವಂತಿಲ್ಲ: ಮೆಕ್ಯಾನಿಕ್ಕಿನ ಮುಂದೆ ಎಲ್ಲ ದೀಪಗಳೂ ಧಗಧಗ ಉರಿಯುತ್ತವೆ. ಇಲ್ಲವೆನ್ನುವಂತಿಲ್ಲ: ಗ್ಯಾರೇಜಿನ ಹಂಪ್ ದಾಟಿದೊಡನೆ ಎಡಗಣ್ಣು ಮುಚ್ಚುತ್ತದೆ. ಸತ್ತೂ ಅಲ್ಲದ ಅಸತ್ತೂ ಅಲ್ಲದ ಇದನ್ನು ವೇದಾಂತಿಗಳಂತೆ ಅನಿರ್ವಚನೀಯವೆನ್ನದೆ ಗತ್ಯಂತರವಿಲ್ಲ.

ಇನ್ನು ಪ್ರಮಾಣವಿಚಾರ. ಬೆಳಿಗ್ಗೆ ಬ್ಯಾಟರಿ ಡೌನ್. ರಾತ್ರಿಯಿಡೀ ಕಾರು ಕದಲಿಲ್ಲ. ಇಲ್ಲಿ ಒದಗುವುದು ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಬೇಕು ಎಂಬುದು ಮೀಮಾಂಸಕರ ಹಳೆಯ ಉದಾಹರಣೆ. ನಮ್ಮ ದೇವದತ್ತ ಬ್ರೇಕ್ ಪೆಡಲಿನ ಬುಡದಲ್ಲಿದ್ದಾನೆ. ಅಲ್ಲಿನ ಸ್ವಿಚ್ಚನ್ನು ಒತ್ತಿಹಿಡಿಯುವ ಪುಟ್ಟ ರಬ್ಬರ್ ಬಿರಡೆ ವಯಸ್ಸಾಗಿ ಪುಡಿಯಾದರೆ, ಯಾರೂ ಬ್ರೇಕ್ ಒತ್ತದಿದ್ದರೂ ಹಿಂದಿನ ಕೆಂಪು ದೀಪ ಬೆಳಗಿನವರೆಗೆ ಉರಿಯುತ್ತದೆ. ಕಾರಿನ ಹಿಂಬದಿ ಗೋಡೆಗಿದ್ದರೆ ಯಜಮಾನನಿಗೆ ಗೊತ್ತಾಗುವುದಿಲ್ಲ. ಎದುರುಮನೆ ಅಜ್ಜಿಗೂ ಗೊತ್ತಾಗದೆ ಇರುವುದು ಮಾತ್ರ ವಿರಳ.

ಹೆಡ್‌ಲೈಟು ಮಂಕಾದರೆ ಲೋಕದಲ್ಲಿ ಪ್ರಬಲವಾಗಿರುವ ಪಕ್ಷ ಬಲ್ಬ್‌ವಾದ: ಬಲ್ಬು ಬದಲಿಸು, ಅದಕ್ಕೂ ಬಗ್ಗದಿದ್ದರೆ ದೊಡ್ಡ ಬಲ್ಬು ಹಾಕು. ಇದರ ಖಂಡನೆ ಹೀಗೆ. ಸಾಮಾನ್ಯ ಎಚ್4 ಬಲ್ಬಿಗೆ ಡಿಮ್ಮಿನಲ್ಲಿ 55, ಬ್ರೈಟಿನಲ್ಲಿ 60 ವ್ಯಾಟ್; 12 ವೋಲ್ಟಿಗೆ ಸುಮಾರು 5 ಆಂಪಿಯರ್. ರಿಲೇ ಇಲ್ಲದ ಹಳೆಯ ಕಾರುಗಳಲ್ಲಿ ಎರಡೂ ಬಲ್ಬಿನ ಕರೆಂಟು ಸ್ಟಿಯರಿಂಗ್ ಪಕ್ಕದ ಸ್ವಿಚ್ಚನ್ನೇ ಹಾದು ಬರಬೇಕು. ದಾರಿಯಲ್ಲಿ ವೋಲ್ಟೇಜು ಶೇ. 10 ಸೋರಿದರೆ ಬೆಳಕು ಶೇ. 10 ಅಲ್ಲ, ಸುಮಾರು ಶೇ. 30 ಇಳಿಯುತ್ತದೆ. ಅದೇ ವೈರಿಗೆ 100 ವ್ಯಾಟಿನ ಬಲ್ಬು ಸಿಕ್ಕಿಸಿದರೆ 8 ಆಂಪಿಯರ್ ಮೀರುತ್ತದೆ, ಸೋರಿಕೆ ಇನ್ನೂ ಹೆಚ್ಚುತ್ತದೆ, ಹೋಲ್ಡರು ಕರಗುತ್ತದೆ. ಆಗ ಬರುವ ಹೊಗೆಯಿಂದ ಬೆಂಕಿಯನ್ನು ಅನುಮಾನಿಸಲು ತರ್ಕಶಾಸ್ತ್ರ ಓದಿರಬೇಕಾಗಿಲ್ಲ. ಎಲ್‌ಇಡಿ ಪಂಥದವರ ಬಗ್ಗೆ ಒಂದೇ ಮಾತು: ತಂತಿಗೆಂದು ಲೆಕ್ಕಹಾಕಿ ಮಾಡಿದ ಡೂಮಿನೊಳಗೆ ಬೆಳಕು ಹೊರಡುವ ಜಾಗ ಕೊಂಚ ತಪ್ಪಿದರೂ ಅದು ರಸ್ತೆಯನ್ನು ಬಿಟ್ಟು ಎದುರಿನವರ ಕಣ್ಣಿಗೆ ಹೋಗುತ್ತದೆ. ಮುಂದಿನ ದೀಪ 155 ಮೀಟರ್ ದೂರಕ್ಕೆ ಕಾಣಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳಿವೆಯೇ ಹೊರತು ಕುರುಡಾಗಿಸಬೇಕೆಂದು ಹೇಳಿಲ್ಲ.

ಆದ್ದರಿಂದ ಸಿದ್ಧಾಂತ: ದೋಷವಿರುವುದು ದ್ರವ್ಯದಲ್ಲಲ್ಲ, ಸಂಯೋಗದಲ್ಲಿ. ವೈಶೇಷಿಕರು ಸಂಯೋಗವನ್ನು ಗುಣಗಳ ಪಟ್ಟಿಗೆ ಸೇರಿಸಿದ್ದು ಎಷ್ಟು ಸರಿಯೆಂಬುದು ಮಲೆನಾಡಿನಲ್ಲಿ ಒಂದು ಮಳೆಗಾಲ ಕಾರಿಟ್ಟವರಿಗೆ ಗೊತ್ತು. ಅರ್ಥ್ ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಚೂರು ವ್ಯಾಸಲೀನ್ ಹಚ್ಚಿದರೆ ಅರ್ಧ ರೋಗ ವಾಸಿ. ಹೋಲ್ಡರುಗಳಿಗೂ ಇದೇ ಉಪಚಾರ.

ಇಷ್ಟು ಅಗ್ಗದ ಸಿದ್ಧಾಂತ ಇನ್ನೂ ಏಕೆ ಪ್ರಚಾರಕ್ಕೆ ಬಂದಿಲ್ಲ ಎಂಬ ಆಕ್ಷೇಪಕ್ಕೆ ಆಟೋ ಇಲೆಕ್ಟ್ರಿಷಿಯನ್ ಒಬ್ಬರು ಕೊಟ್ಟ ಸಮಾಧಾನವೇ ಪ್ರಮಾಣ: “ತುಕ್ಕು ಕೆರೆದೆ ಅಂತ ಬಿಲ್ ಬರೆದ್ರೆ ಯಾರು ಸಾರ್ ದುಡ್ಡು ಕೊಡ್ತಾರೆ? ಬಲ್ಬ್ ಎರಡು ಅಂತ ಬರೀತೀನಿ, ಮಾತಾಡದೆ ಕೊಟ್ಟು ಹೋಗ್ತಾರೆ.”