ನಮ್ಮ ಹೊಳಿಗೂ ಒಂದು ಎಳೆಯೋ ದೋಣಿ ಬೇಕು

ಕಾಕಾ, ಹಂಗೇ ಗ್ವಾಡಿಗಿ ಒರಗಿ ನಿಂದರ್ರಿ, ನಿನ್ನಿ ಮಾತು ಅರ್ಧಕ್ಕೇ ನಿಂತದ. ಶಹಾಬಾದ ಫರ್ಸಿ, ವಾಡಿ ಸಿಮೆಂಟ್ ದೋಣಿ ಮ್ಯಾಲ ಯಾಕ ಹೋಗಲಿಲ್ಲಂತ ಕೇಳಿದ್ರೆಲ್ಲ?

ಗಂಗಾ, ಬ್ರಹ್ಮಪುತ್ರಾದಾಗ ಬಾರ್ಜ್ ಅಂತ ಇರ್ತಾವ, ತಳ ಚಪ್ಪಟೆ ಇರೋ ದೊಡ್ಡ ದೋಣಿ. ಇಂಜಿನ್ ಇಲ್ಲದ ಬಾರ್ಜನ್ನ ಬ್ಯಾರೆ ಇಂಜಿನ್ ದೋಣಿ ಎಳೀತದ, ಇಲ್ಲಾ ಹಿಂದಿಂದ ದಬ್ಬತದ. ಅಮೆರಿಕಾದ ಮಿಸಿಸಿಪ್ಪಿಯೊಳಗ ಒಂದೇ ದೋಣಿ 15 ಬಾರ್ಜ್ ಬಿಗದು ದಬ್ಬಕೊಂಡು ಹೋಗ್ತದ. ಅದಕ್ಕ ಆಳ ನೀರು ಬೇಕ್ರಿ.

ನಮ್ಮ ಕಾಗಿಣಾ ಹೊಳಿ ತೆಲಂಗಾಣದ ಅನಂತಗಿರಿ ಗುಡ್ಡದಾಗ ಹುಟ್ಟಿ, ಮಳಖೇಡ ಕೋಟಿ ಮಗ್ಗಲಿಂದ ಹಾದು, ಹೊನಗುಂಟಾದ ಹತ್ರ ಭೀಮಾ ಸೇರ್ತದ. ಚಿಂಚೋಳಿ ಮುಲ್ಲಾಮಾರಿ ನೀರೂ ಅದಕ್ಕೇ ಬರ್ತದ. ಮಳಿಗಾಲದಾಗ ದಂಡಿ ಮೀರಿ ಉಕ್ಕತದ, ಬ್ಯಾಸಗ್ಯಾಗ ಕಲ್ಲು ಕಾಣ್ತಾವ. ಅಂಥಾ ಹೊಳ್ಯಾಗ ಬಾರ್ಜ್ ಹ್ಯಾಂಗ ತೇಲಬೇಕು? 1871ರಾಗ ರಾಯಚೂರ ತನಕ ರೈಲು ಬಂತು, 1874ರಾಗ ವಾಡಿ–ಸಿಕಂದರಾಬಾದ ಲೈನ್ ಆಯ್ತು. ಚಿತ್ತಾಪುರ, ಸೇಡಂ ಅದೇ ಲೈನ್ ಮ್ಯಾಲ ಅವ. ಕಲ್ಲು, ಸಿಮೆಂಟ್ ಎಳೆಯೋ ಕೆಲಸ ರೈಲು ತಗೊಂಡ್ತು. 2016ರ ಕಾಯ್ದೆ 111 ರಾಷ್ಟ್ರೀಯ ಜಲಮಾರ್ಗ ಗುರ್ತಿಸ್ಯಾದ, ಭೀಮಾ ಹೆಸರೂ ಅದರಾಗ ಅದ. ಆದ್ರ ನಮಗ ದೋಣಿ ಬೇಕಾಗಿದ್ದು ಸರಕಿಗಲ್ಲ ಕಾಕಾ, ಜೀವ ಉಳಸಲಿಕ್ಕೆ.

2020ರ ಅಕ್ಟೋಬರ್ ನೆನಪದ ಅಲ್ಲ? ಮ್ಯಾಲೆ ಮಳಿ, ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ಬಿಟ್ಟ ನೀರು. ಭೀಮಾ ದಂಡಿ ಊರುಗಳಿಂದ ಮಂದೀನ ದೋಣ್ಯಾಗ ಹೊರಗ ತರಬೇಕಾಯ್ತು. ದೋಣಿ ದೂರದಿಂದ ಬರೋ ತನಕ ಮಾಳಗಿ ಮ್ಯಾಲ ಕುಂತ ಮುದುಕರು, ಕೂಸುಗಳು ಏನು ಮಾಡಬೇಕ್ರಿ?

ನಮ್ಮ ಅಂಬಿಗರಿಗೆ ಹೊಳಿ ಗೊತ್ತದ. ಬಿದಿರ ಬುಟ್ಟಿಗೆ ತೊಗಲು ಹೊಚ್ಚಿದ ಹರಗೋಲು, ಒಂದು ಹುಟ್ಟು, ಅಷ್ಟರಾಗೇ ದಾಟಸ್ತಿದ್ರು. ಮುಟ್ಟಬೇಕಾದ ಜಾಗಕ್ಕಿಂತ ಮ್ಯಾಲಿಂದ ಬಿಡ್ತಿದ್ರು, ಸೆಳವೇ ಅಲ್ಲಿಗೆ ತಂದು ಹಚ್ಚಬೇಕಂತ. ಎಲ್ಲಿ ಸುಳಿ ಅದ, ಎಲ್ಲಿ ಬಂಡಿಗಲ್ಲು ಅದ ಅನ್ನೋದು ಹೊರಗಿಂದ ಬಂದವರಿಗೆ ತಿಳಿಯಂಗಿಲ್ಲ. ಆ ತಿಳಿವಳಿಕಿಗೆ ಒಂದು ಸಣ್ಣ ಇಂಜಿನ್ ದೋಣಿ ಕೂಡಿದ್ರ ನಾಕು ದೋಣಿ ಕೆಲಸ ಆಗ್ತದ, ಉಳಿದವನ್ನ ಅದು ಎಳಕೊಂಡು ಬರ್ತದ.

ಎಳೆಯೋದನ್ನೂ ಕಲಿಬೇಕ್ರಿ. ಹಗ್ಗ ಪೂರಾ ಹಿಂದಿನ ತುದಿಗಿ ಕಟ್ಟಿದ್ರ ದೋಣಿ ತಿರಗಲಿಕ್ಕೆ ಬರಂಗಿಲ್ಲ, ನಡುವಿನ ಸನ್ಯಾಕ ಗಟ್ಟಿ ಗೂಟಕ್ಕ ಕಟ್ಟಬೇಕು. ಹಗ್ಗ ಅಡ್ಡಕ್ಕ ಜಗ್ಗಿದ್ರ ಎಳೆಯೋ ದೋಣಿನೇ ಮಗಚತದ. ಅದಕ್ಕ ಗಂಟು ಒಂದೇ ಏಟಿಗೆ ಬಿಡಬೇಕು, ಇಲ್ಲಂದ್ರ ಕೊಡ್ಲಿ ಕೈಯಾಗ ಇರಬೇಕು. ಹರಗೋಲನ್ನ ಉದ್ದ ಹಗ್ಗದಲೆ ಎಳದ್ರ ಗಿರಗಿರ ತಿರಗತದ, ಮಗ್ಗಲಕ್ಕೇ ಬಿಗದು ಕಟ್ಟಬೇಕು. ನೆರಿ ಬಂದ ದಿನ ಕಲಿಯೋ ಮಾತಲ್ಲ ಇದು.

ಸನ್ನತಿ, ಹೊನಗುಂಟಾ, ಮಳಖೇಡ, ಇಂಥಾ ದಂಡಿ ಊರಿಗೆ ಒಂದೊಂದು ಇಂಜಿನ್ ದೋಣಿ, ಉದ್ದ ಹಗ್ಗ, ಲೈಫ್ ಜಾಕೆಟ್ ಮಳಿಗಾಲಕ್ಕ ಮೊದಲೇ ಬಂದಿರಬೇಕು. ನಡಸೋ ಕೆಲಸ ಅಂಬಿಗರ ಹುಡುಗರಿಗೆ ಕೊಟ್ಟು, ತರಬೇತಿ ಮಾಡಿಸಿ, ಪಗಾರ ಕೊಡಬೇಕು. ಮುಂದಿನ ಗ್ರಾಮಸಭಾದಾಗ ಈ ಮಾತು ನೀವೇ ಎತ್ತರಿ ಕಾಕಾ. ಹಿರೇರು ಹೇಳಿದ್ರ ಕೇಳ್ತಾರ, ನಾನೂ ನಿಮ್ಮ ಸಂಗಟ ಬರ್ತೀನಿ.