ತಣ್ಣನೆ ಗಾಳಿಗೆ ಅರ್ಧ ಲಕ್ಷ

ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ತರುವ ಸಾಮಾನಿನ ಪಟ್ಟಿಗೆ ಕುಡಿಯುವ ನೀರು ಸೇರಿ ಬಹಳ ವರ್ಷವಾಯಿತು. ಗಾಳಿಯೂ ಸೇರಿದೆ ಎಂಬುದು ಮಾತ್ರ ಇನ್ನೂ ಎಲ್ಲರ ಗಮನಕ್ಕೆ ಬಂದಂತಿಲ್ಲ. ಮನುಷ್ಯರು ಉಸಿರಾಡುವ ಗಾಳಿಯ ಮಾತಲ್ಲ ಬಿಡಿ, ಅದು ಹೆಬ್ಬಾಳದಲ್ಲಿ ಹೇಗಿದ್ದರೂ ನಡೆಯುತ್ತದೆ. ನಾನು ಹೇಳುತ್ತಿರುವುದು ಕಾರು ಉಸಿರಾಡುವ ಗಾಳಿ. ಅದು ತಣ್ಣಗಿರಬೇಕು, ಧಾರಾಳವಾಗಿರಬೇಕು, ಮೇಲಾಗಿ ಕೆಂಪು ಬಣ್ಣದ ಕೊಳವೆಯಲ್ಲಿ ಹರಿದು ಬರಬೇಕು. ಕೋಲ್ಡ್ ಏರ್ ಇನ್‌ಟೇಕ್ ಅಂತ ಅದರ ಹೆಸರು. ಅಮೆರಿಕದಲ್ಲಿ ನಾನೂರು ಡಾಲರಿನ ಆಸುಪಾಸಿಗೆ ಸಿಗುವ ಈ ಸಾಮಾನು, ಸಾಗಾಟ, ಸುಂಕ, ನಡುವಿನವನ ಕಮಿಷನ್ ಎಲ್ಲ ಸೇರಿ ನಮ್ಮ ಮನೆ ಬಾಗಿಲು ಮುಟ್ಟುವ ಹೊತ್ತಿಗೆ ಅರ್ಧ ಲಕ್ಷ ದಾಟಿರುತ್ತದೆ.

ನಮ್ಮಜ್ಜಿಯ ಹತ್ತಿರವೂ ಇಂಥದೊಂದಿತ್ತು. ಊದುಗೊಳವೆ. ಬೆಂಕಿಗೆ ಗಾಳಿ ಹೆಚ್ಚು ಸಿಕ್ಕರೆ ಒಲೆ ಚೆನ್ನಾಗಿ ಉರಿಯುತ್ತದೆ ಎಂಬ ಅದೇ ಸಿದ್ಧಾಂತ. ಅಜ್ಜಿಯದರಲ್ಲಿ ಒಲೆ ಉರಿಯುತ್ತಿತ್ತು, ಅಷ್ಟೇ ವ್ಯತ್ಯಾಸ.

ನನ್ನ ಭಾವಮೈದುನನ ಬಳಿ ಮಸ್ಟ್ಯಾಂಗ್ ಜಿಟಿ ಇದೆ. ಫೋರ್ಡ್ ಕಂಪನಿ ಇದನ್ನು 2016ರಲ್ಲಿ ಇಂಡಿಯಾಕ್ಕೆ ತಂದಾಗ ಶೋರೂಂ ಬೆಲೆ 65 ಲಕ್ಷ. ಐದು ಲೀಟರಿನ ವಿ8 ಎಂಜಿನ್, 400ರ ಆಸುಪಾಸಿನ ಹಾರ್ಸ್‌ಪವರ್. 2021ರಲ್ಲಿ ಕಂಪನಿ ಇಲ್ಲಿ ಕಾರು ಕಟ್ಟುವುದನ್ನೇ ನಿಲ್ಲಿಸುತ್ತೇನೆ ಎಂದಿತು. ಗಂಟುಮೂಟೆ ಕಟ್ಟಿದರೂ ಮಾರಿದ ಕುದುರೆಗಳು ಇಲ್ಲೇ ಉಳಿದವು. ಅದರಲ್ಲೊಂದು ಕೈಯಿಂದ ಕೈಗೆ ಬಂದು ಇವನ ಕೈಗೆ ಬಿತ್ತು. ಮನೆ ಯಲಹಂಕ, ಆಫೀಸು ಬೆಳ್ಳಂದೂರು. ನಡುವಿನ ದಾರಿಯಲ್ಲಿ ಸ್ಪೀಡೋಮೀಟರಿನ ಮುಳ್ಳು ಇಪ್ಪತ್ತರ ಮೇಲೆ ನಿಂತರೆ ಅವತ್ತು ಸರ್ಕಾರಿ ರಜೆ ಎಂದು ತಿಳಿಯಬೇಕು. ಈ ದಾರಿಯಲ್ಲಿ ದಿನಾ ಹೋಗಿಬಂದವನಿಗೆ ಒಂದು ದಿನ ಹೊಳೆದದ್ದೇನೆಂದರೆ, ಗಾಡಿಗೆ ಪಿಕಪ್ ಸಾಲದು.

ಭಾನುವಾರ ಬೆಳಗ್ಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ್ದ. ನನ್ನ ಕೈಗೆ ಟಾರ್ಚ್ ಕೊಟ್ಟ. ಅಕ್ಕನ ಗಂಡನಿಗೆ ಇಂದಿನ ಕಾಲದಲ್ಲಿ ಸಿಗುವ ಮರ್ಯಾದೆ ಅದೇ. ಬೆಳಕು ಬಿಟ್ಟು ನೋಡಿದರೆ, ಗ್ರಿಲ್‌ನ ಹಿಂದೆಯೇ ಬಾಯಿ ತೆರೆದುಕೊಂಡ ಕಪ್ಪು ಪ್ಲಾಸ್ಟಿಕ್ ನಾಳ, ಅದು ಹೋಗಿ ಸೇರುವ ಮುಚ್ಚಿದ ಡಬ್ಬಿ, ಡಬ್ಬಿಯೊಳಗೆ ಕಾಗದದ ಫಿಲ್ಟರು, ಅಲ್ಲಿಂದ ಎಂಜಿನ್ನಿಗೆ ಕೊಳವೆ.

‘ಇದರ ಬಾಯಿ ಗ್ರಿಲ್ ಹತ್ರಾನೇ ಇದೆಯಲ್ಲೋ. ಹೊರಗಿನ ತಣ್ಣನೆ ಗಾಳೀನೇ ತಗೊಳ್ತಿದೆ’ ಅಂದೆ.

‘ಅದು ಸ್ಟಾಕ್, ಭಾವ’ ಅಂದ.

ಸ್ಟಾಕ್ ಎಂದರೆ ಕಂಪನಿಯವರೇ ಹಾಕಿ ಕಳಿಸಿದ್ದು. ಅದಕ್ಕಿಂತ ದೊಡ್ಡ ಕುಂದು ಗಾಡಿಗೆ ‘ಮಾಡ್’, ಎಂದರೆ ಮಾರ್ಪಾಡು, ಮಾಡಿಸುವವರ ಬಳಗದಲ್ಲಿ ಇನ್ನೊಂದಿಲ್ಲ. ಡೆಟ್ರಾಯಿಟ್ ಕಡೆ ಕೂತ ಎಂಜಿನಿಯರುಗಳು ಮೈನಸ್ ಚಳಿಯಲ್ಲಿ, ಮರುಭೂಮಿಯ ಬಿಸಿಲಲ್ಲಿ ಓಡಿಸಿ, ಅಳೆದು ಸುರಿದು ಮಾಡಿದ ಡಬ್ಬಿ ಎರಡು ಸ್ಕ್ರೂ, ಒಂದು ಕ್ಲಾಂಪ್ ಬಿಚ್ಚುತ್ತಲೇ ನೆಲಕ್ಕೆ ಬಂತು. ಅದರ ಜಾಗಕ್ಕೆ ಬಂದದ್ದು ಕೆಂಪು ಕೊಳವೆ, ತುದಿಯಲ್ಲಿ ಅಂಗೈ ಅಗಲದ ಶಂಕುವಿನಾಕಾರದ ಫಿಲ್ಟರು, ಪಕ್ಕಕ್ಕೆ ಶಾಖ ತಡೆಯಲೆಂದು ರಬ್ಬರ್ ಅಂಚಿನ ಒಂದು ತಗಡು. ಎಂಜಿನ್ನಿಗೂ ಫಿಲ್ಟರಿಗೂ ನಡುವೆ ಉಳಿದದ್ದು ಆ ತಗಡೊಂದೇ. ಪೆಟ್ಟಿಗೆಯ ತಳದಲ್ಲಿ ಎರಡು ಸ್ಟಿಕ್ಕರುಗಳಿದ್ದವು. ಕೈ ತೊಳೆದು ಬಂದು ಅವನ್ನು ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಜೋಪಾನವಾಗಿಟ್ಟ. ಕೊಳವೆ ಮುಟ್ಟುವಾಗ ಕೈ ತೊಳೆದಿರಲಿಲ್ಲ.

ಈ ನಂಬಿಕೆಗೆ ಬುಡವೇ ಇಲ್ಲ ಎಂದರೆ ತಪ್ಪಾಗುತ್ತದೆ. ಕಾರ್ಬ್ಯುರೇಟರಿನ ಕಾಲದಲ್ಲಿ ಎಂಜಿನ್ನಿನ ತಲೆಯ ಮೇಲೆ ದುಂಡನೆ ಏರ್ ಕ್ಲೀನರ್ ಕೂತು, ಬಾನೆಟ್ಟಿನೊಳಗೆ ಬೆಂದ ಗಾಳಿಯನ್ನೇ ಹೀರುತ್ತಿತ್ತು. ನಮ್ಮ ಪ್ರೀಮಿಯರ್ ಪದ್ಮಿನಿಯ ಬಾನೆಟ್ ಎತ್ತಿದವರಿಗೆ ಗೊತ್ತು. ಗಾಳಿ ಹತ್ತು ಡಿಗ್ರಿ ತಣ್ಣಗಾದರೆ ಶೇ. 3ರಷ್ಟು ದಟ್ಟವಾಗುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲು ಉರಿಯುತ್ತದೆ. ಆ ಕಾಲಕ್ಕೆ ಹೊರಗಿನ ಗಾಳಿ ತಂದುಕೊಟ್ಟವನಿಗೆ ನಿಜವಾದ ಲಾಭವಿತ್ತು. 1969ರ ಮಸ್ಟ್ಯಾಂಗಿನಲ್ಲಿ ಫೋರ್ಡಿನವರೇ ಬಾನೆಟ್ಟಿಗೆ ತೂತು ಕೊರೆದು, ಎಂಜಿನ್ನಿನ ಮೇಲೆಯೇ ಕೂತ ಗಾಳಿಬಾಯಿಯನ್ನು ಹೊರಗೆ ಬಿಟ್ಟಿದ್ದರು. ಎಂಜಿನ್ ನಡುಗಿದಾಗಲೆಲ್ಲ ಅದೂ ನಡುಗುತ್ತಿದ್ದದ್ದರಿಂದ ಶೇಕರ್ ಎಂದು ಹೆಸರಾಯಿತು. ಆಮೇಲೆ ಇಂಜೆಕ್ಷನ್ ಬಂತು, ಕಾರು ಮಾಡುವವರೇ ಗ್ರಿಲ್‌ನಿಂದ ನಾಳ ಎಳೆದು ಮುಚ್ಚಿದ ಡಬ್ಬಿಗೆ ಜೋಡಿಸಿದರು. ರೋಗ ವಾಸಿಯಾಗಿ ದಶಕಗಳೇ ಕಳೆದಿವೆ. ಔಷಧದ ಅಂಗಡಿಯವನು ಮಾತ್ರ ಬಾಗಿಲು ಹಾಕಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಐದು ಲೀಟರಿನ ಎಂಜಿನ್ ನಿಮಿಷಕ್ಕೆ 6,500 ಸುತ್ತು ತಿರುಗಿದರೆ ಹದಿನಾರು ಸಾವಿರ ಲೀಟರಿನಷ್ಟು ಗಾಳಿ ಬೇಕು. ನಮ್ಮ ಅಪಾರ್ಟ್‌ಮೆಂಟಿಗೆ ಬರುವ ದೊಡ್ಡ ನೀರಿನ ಟ್ಯಾಂಕರಿನಲ್ಲಿ ಹಿಡಿಯುವುದು ಹನ್ನೆರಡು ಸಾವಿರ. ಅಷ್ಟು ಹಸಿವಾದಾಗ ಕೊಳವೆ ಅಗಲವಾಗಿದ್ದರೆ ಒಂದಿಷ್ಟು ಉಪಯೋಗ ಉಂಟು. ಹತ್ತೋ ಹದಿನೈದೋ ಹಾರ್ಸ್‌ಪವರ್ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುವುದು ಆ ಒಂದು ಗಳಿಗೆಗೆ ಸೇರಿದ ಮಾತು. ಆದರೆ ಆ ಗಳಿಗೆ ಬರುವುದು ಆಕ್ಸಿಲರೇಟರನ್ನು ನೆಲಕ್ಕೆ ತುಳಿದಾಗ. ಉಳಿದ ಹೊತ್ತೆಲ್ಲ ಎಂಜಿನ್ನಿನ ಗಂಟಲಲ್ಲಿ ಥ್ರಾಟಲ್ ಎಂಬ ಬಿಲ್ಲೆ ಅರ್ಧಕ್ಕರ್ಧ ಮುಚ್ಚಿಕೊಂಡಿರುತ್ತದೆ. ಹೊರವರ್ತುಲ ರಸ್ತೆಯಲ್ಲಿ ತೆವಳುವಾಗಲಂತೂ ಪೂರ್ತಿ ಮುಚ್ಚಿದ ಹಾಗೆಯೇ. ಗಂಟಲನ್ನು ತಾನೇ ಹಿಸುಕಿ ಹಿಡಿದುಕೊಂಡು, ಮೂಗಿನ ಹೊಳ್ಳೆ ಅಗಲ ಮಾಡಿಸಲು ಅರ್ಧ ಲಕ್ಷ ಕೊಟ್ಟಿದ್ದಾನೆ ಪುಣ್ಯಾತ್ಮ.

ನೆಲಕ್ಕೆ ತುಳಿಯುವುದಾದರೂ ಎಲ್ಲಿ? ಈ ಗಾಡಿ ಎರಡನೇ ಗೇರಿನಲ್ಲೇ ನೂರರ ಗಡಿಗೆ ಬಂದುಬಿಡುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮಿತಿಯೂ ನೂರೇ, ಮೇಲೆ ಕ್ಯಾಮೆರಾ. 130 ದಾಟಿದರೆ ಎಫ್‌ಐಆರ್ ಎಂದು 2024ರ ಆಗಸ್ಟಿನಿಂದ ರಾಜ್ಯದ ಪೊಲೀಸರು ಹೇಳಿದ್ದಾರೆ. ಅಂದರೆ ಹೆಚ್ಚುವರಿ ಹಾರ್ಸ್‌ಪವರು ಪ್ರಕಟವಾಗುವ ಹೊತ್ತಿಗೆ ಸರಿಯಾಗಿ ಚಲನ್ ಪ್ರಕಟವಾಗುತ್ತದೆ.

ನಿಜವಾಗಿ ಗಾಳಿಯೇ ಬೇಕೆಂದಿದ್ದರೆ ನಾನು ಪುಕ್ಕಟೆ ದಾರಿ ಹೇಳುತ್ತಿದ್ದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಶೇ. 10ರಷ್ಟು ಕಡಿಮೆ. ಟರ್ಬೋ ಇಲ್ಲದ ಎಂಜಿನ್ ಆ ಶೇ. 10ನ್ನು ಇಲ್ಲಿ ಕಳೆದುಕೊಂಡೇ ಓಡುತ್ತದೆ. ನಾನೂರು ಕುದುರೆಗಳ ಲಾಯದಲ್ಲಿ ನಲವತ್ತು ಬೆಂಗಳೂರಿಗೆ ಬರುವುದೇ ಇಲ್ಲ, ಶಿರಾಡಿ ಘಾಟಿಯ ಕೆಳಗೇ ನಿಂತುಬಿಟ್ಟಿವೆ. ಮಂಗಳೂರಿಗೆ ಹೋಗಿ ನಿಂತರೆ ಸಾಕು, ಅಲ್ಲಿನ ಸೆಕೆಯ ಲೆಕ್ಕ ಕಳೆದರೂ 25ರ ಆಸುಪಾಸು ಕುದುರೆಗಳು ತಾವಾಗಿಯೇ ವಾಪಸು ಬರುತ್ತವೆ. ಕೊಳವೆಯ ಜಾಹೀರಾತಿನಲ್ಲೂ ಅಷ್ಟಿಲ್ಲ. ಜೊತೆಗೆ ಮೀನೂಟ. ಹೇಳಿ ನೋಡಿದೆ. ‘ಅದು ಮಾಡ್ ಅಲ್ವಲ್ಲ ಭಾವ’ ಎಂದ.

ಹಾಕಿದ ಮಾರನೇ ದಿನವೇ ಫೋನು ಬಂತು. ಗಾಡಿ ಹಾರುತ್ತಿದೆಯಂತೆ. ಅಳೆದೆಯಾ ಎಂದರೆ, ಕೂತ ಜಾಗಕ್ಕೆ ಗೊತ್ತಾಗುತ್ತದೆ ಎಂದ. ಅರ್ಧ ಲಕ್ಷ ಕೊಟ್ಟ ಮೇಲೆ ಆ ಜಾಗಕ್ಕೆ ಗೊತ್ತಾಗದೆ ಇರಲು ಧೈರ್ಯವಾದರೂ ಎಲ್ಲಿಂದ ಬರಬೇಕು? ಅವನ ಮೊಬೈಲಿನಲ್ಲಿ ಒಂದು ಆ್ಯಪ್ ಇದೆ, ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದ ಬೆರಳುದ್ದದ ಸಾಧನದಿಂದ ಎಂಜಿನ್ ಸೇದುವ ಗಾಳಿಯ ಶಾಖ ತೋರಿಸುತ್ತದೆ. ಮಾರತ್ತಹಳ್ಳಿ ಸೇತುವೆಯ ಬಳಿ ಗಾಡಿ ನಿಂತಿದ್ದಾಗ ನಾನು ಪಕ್ಕದಲ್ಲೇ ಕೂತು ನೋಡಿದೆ. ಹೊರಗೆ 28 ಡಿಗ್ರಿ, ಕೋಲ್ಡ್ ಏರ್ ಇನ್‌ಟೇಕಿನೊಳಗೆ 57. ನಿಂತ ಗಾಡಿಯಲ್ಲಿ ಎದುರುಗಾಳಿ ಇಲ್ಲ, ಬಾನೆಟ್ಟಿನೊಳಗಿನ ಶಾಖವೆಲ್ಲ ಆ ತಗಡನ್ನು ಬಳಸಿಕೊಂಡು ಬಂದು ತೆರೆದ ಫಿಲ್ಟರಿನ ಮೇಲೆ ಬೀಳುತ್ತದೆ. ನಾನು ಪರದೆಯತ್ತ ಬೆರಳು ತೋರಿಸಿದೆ. ಅವನು ಆ್ಯಪ್ ಮುಚ್ಚಿದ.

ಮುಂದಿನ ವಾರ ಹಳದಿ ದೀಪ ಹತ್ತಿತು. ಎಂಜಿನ್ನಿನ ಕಂಪ್ಯೂಟರಿಗೆ ಎಷ್ಟು ಗಾಳಿ ಬಂತೆಂದು ಹೇಳುವುದು ಕೊಳವೆಯೊಳಗಿನ ಒಂದು ಸೆನ್ಸಾರು. ಕಾದ ಸಣ್ಣ ತಂತಿಯೊಂದನ್ನು ಗಾಳಿ ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಅದರ ಲೆಕ್ಕ. ಕೊಳವೆಯ ಅಗಲ ಬದಲಾದರೆ ಲೆಕ್ಕ ತಪ್ಪುತ್ತದೆ. ತೊಳೆದು ಎಣ್ಣೆ ಹಚ್ಚಿ ಮತ್ತೆ ಬಳಸುವ ಬಟ್ಟೆಯ ಫಿಲ್ಟರಿಗೆ ಎಣ್ಣೆ ಒಂದು ಚೂರು ಹೆಚ್ಚಾದರೂ ಆ ತಂತಿಗೆ ಮೆತ್ತಿಕೊಂಡು ಇನ್ನಷ್ಟು ತಪ್ಪುತ್ತದೆ. ಪಿ0171, ಪಿ0174 ಎಂಬ ಎರಡು ಕೋಡು ಬಂದವು, ವಿ8ರ ಎಡಬಲ ಎರಡೂ ಕಡೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದು ಅದರ ಅರ್ಥ. ಇದಕ್ಕೆ ಪರಿಹಾರ ಕೊಳವೆ ತೆಗೆಯುವುದು ಎಂದು ನೀವು ಅಂದುಕೊಂಡರೆ ನಿಮಗೆ ಈ ಲೋಕದ ಪರಿಚಯವಿಲ್ಲ. ಕಂಪ್ಯೂಟರನ್ನೇ ಕೊಳವೆಗೆ ತಕ್ಕಂತೆ ತಿದ್ದಿಸಬೇಕು, ಅದಕ್ಕೆ ಟ್ಯೂನಿಂಗ್ ಎನ್ನುತ್ತಾರೆ, ಅದಕ್ಕೆ ಬೇರೆ ದುಡ್ಡು. ಜೆ.ಸಿ. ರಸ್ತೆಯ ಹಳೇ ಮೆಕ್ಯಾನಿಕ್ ಒಬ್ಬರು ಬಾನೆಟ್ಟಿನೊಳಗೆ ಇಣುಕಿ, ‘ಧೂಳು ತಡೆಯೋಕೆ ಇದ್ದ ಡಬ್ಬೀನ ಕಿತ್ತಾಕಿ ಮೆಟ್ರೋ ಕೆಲಸದ ಪಕ್ಕ ಓಡಿಸ್ತೀರಲ್ಲ ಸಾರ್’ ಎಂದಷ್ಟೇ ಹೇಳಿ ಟೀ ಕುಡಿಯಲು ಹೋದರು.

ಕಾನೂನಿನ ವಿಷಯ ಹೆಚ್ಚು ಬೆಳೆಸುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕೊಳವೆಗೆ ಅಲ್ಲಿನ ವಾಯು ಮಂಡಳಿ ಪರೀಕ್ಷಿಸಿ ಕೊಟ್ಟ ನಂಬರು ಇರಬೇಕು, ಇಲ್ಲದಿದ್ದರೆ ಹೊಗೆ ತಪಾಸಣೆಯಲ್ಲಿ ಗಾಡಿ ಫೇಲು. ನಮ್ಮಲ್ಲಿ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಇದೆ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಸೇರಿತು. ಸಿಗ್ನಲ್ಲಿನಲ್ಲಿ ನಿಂತ ಪೇದೆಗೆ ಬಾನೆಟ್ಟಿನೊಳಗೆ ಏನಿದೆ ಎಂದು ಕಾಣುವುದಿಲ್ಲ ಎಂಬುದೇ ಈ ಇಡೀ ಉದ್ಯಮದ ಬಂಡವಾಳ. ಆದರೆ ಕೇಳಿಸುತ್ತದೆ.

ಬಂತಲ್ಲ ಅಸಲು ಸಂಗತಿ. ಕಂಪನಿಯ ಡಬ್ಬಿಯಲ್ಲಿ ಗಾಳಿಯ ಸದ್ದನ್ನು ನುಂಗುವ ಪೊಳ್ಳು ಕೋಣೆಗಳಿರುತ್ತವೆ. ಅವನ್ನು ಕಿತ್ತರೆ ಎಂಜಿನ್ ಗಾಳಿ ಸೇದುವ ಗೊರಗೊರ ಶಬ್ದ ನೇರ ಕಿವಿಗೆ ಬರುತ್ತದೆ. ಸದ್ದು ಜೋರಾದದ್ದನ್ನು ವೇಗ ಜೋರಾಯಿತೆಂದು ಮಿದುಳು ಓದಿಕೊಳ್ಳುತ್ತದೆ. ಇದು ಕಾರು ಮಾಡುವವರಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ನಾಲ್ಕು ಸಿಲಿಂಡರಿನ ಮಸ್ಟ್ಯಾಂಗಿನಲ್ಲಿ ಎಂಜಿನ್ನಿನ ಗರ್ಜನೆಯನ್ನು ಸ್ಪೀಕರಿನಿಂದ ಹೊರಡಿಸುತ್ತಾರೆ. ಬಿಎಂಡಬ್ಲ್ಯು ಎಂ5 ಕೂಡ ಒಂದು ಕಾಲಕ್ಕೆ ಹಾಗೇ ಹಾಡುತ್ತಿತ್ತು. ಕೋಟಿ ಬೆಲೆಯ ಕಾರಿನವರೇ ಕ್ಯಾಸೆಟ್ ಹಾಕಿಕೊಂಡು ಓಡಾಡುವಾಗ ನನ್ನ ಭಾವಮೈದುನನನ್ನು ಮಾತ್ರ ಬೈಯುವುದು ನ್ಯಾಯವಲ್ಲ. ಕನಿಷ್ಠ ಇವನದು ಲೈವ್.

ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿಗೆ ಆ ಕಚೇರಿ ಹಿಡಿಸಲಿಲ್ಲ. ಬೇಸ್‌ಮೆಂಟಿನಿಂದ ಬೆಳಗ್ಗೆ ಆರಕ್ಕೆ ಗಾಡಿ ಎದ್ದರೆ ಮೂರನೇ ಮಹಡಿಯ ಕೂಸೂ ಏಳುತ್ತದೆ ಎಂದು ವಾಟ್ಸಾಪಿನಲ್ಲಿ ಬರೆದರು. ಅದರ ಬೆನ್ನಿಗೆ ಮಳೆಗಾಲ ಹತ್ತಿರ ಬಂತು. 2022ರ ಸೆಪ್ಟೆಂಬರಿನಲ್ಲಿ ಇದೇ ಹೊರವರ್ತುಲ ರಸ್ತೆಯ ಸುತ್ತ ಐಷಾರಾಮಿ ಕಾರುಗಳು ದೋಣಿಯಾಗಲು ಹೋಗಿ ಸೋತದ್ದನ್ನು ಕಂಡವನು ಇವನು. ಎಂಜಿನ್ ಒಂದು ಗುಟುಕು ನೀರು ಸೇದಿದರೂ, ನೀರು ಕುಗ್ಗುವುದಿಲ್ಲವಾದ್ದರಿಂದ, ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮುಚ್ಚಿದ ಡಬ್ಬಿಗಿಂತ ಬಯಲಾದ ಫಿಲ್ಟರಿಗೆ ಆ ಭಯ ಹೆಚ್ಚು. ಎಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟದಿದ್ದರೆ ವಿಮೆಯವರು ಕೈ ಮುಗಿದು ಕಳಿಸುತ್ತಾರೆ.

ಅಟ್ಟದಲ್ಲಿ ಕಾದಿಟ್ಟಿದ್ದ ಕಪ್ಪು ಡಬ್ಬಿ ಇಳಿದು ಸ್ವಸ್ಥಾನಕ್ಕೆ ಸೇರಿತು. ಎರಡು ಸ್ಕ್ರೂ, ಒಂದು ಕ್ಲಾಂಪ್. ಹಳದಿ ದೀಪ ಆರಿತು. ಕೆಂಪು ಕೊಳವೆಯ ಫೋಟೊ ತೆಗೆದು ‘15 ಹಾರ್ಸ್‌ಪವರ್ ಗ್ಯಾರಂಟಿ, ಅರ್ಧ ಬೆಲೆ’ ಎಂದು ಮಾರಾಟಕ್ಕಿಟ್ಟ. ನಾನು ಮಾತಾಡಲಿಲ್ಲ, ಸಂಬಂಧ ಉಳಿಯಬೇಕು.

ಭಾನುವಾರ ಕೆ.ಆರ್. ಪುರದಿಂದ ಒಬ್ಬ ಹುಡುಗ ಬಂದ. ಕೊಳವೆಯನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದ.

‘ಯಾವ ಗಾಡಿಗೆ?’ ಎಂದು ಇವನು ಕೇಳಿದ.

‘ಪೋಲೋ, ಅಣ್ಣ.’

‘ಇದು ವಿ8ದು ಕಣಪ್ಪ. ನಿನ್ನ ಗಾಡೀಲಿ ಕೂರಲ್ಲ.’

ಹುಡುಗ ಕೊಳವೆಯನ್ನು ಕೆಳಗಿಟ್ಟ. ಪೆಟ್ಟಿಗೆಯ ತಳಕ್ಕೆ ಕೈ ಹಾಕಿ ತಡಕಿದ.

‘ಸ್ಟಿಕ್ಕರ್ ಇರಬೇಕಲ್ಲ ಅಣ್ಣ. ಅದೊಂದು ಎಷ್ಟಕ್ಕೆ ಕೊಡ್ತೀರ?’

ನನ್ನ ಭಾವಮೈದುನ ಸಾವಿರ ಎಂದ. ಹುಡುಗ ಮುನ್ನೂರು ಎಂದ. ಏಳುನೂರಕ್ಕೆ ಕುದುರಿತು, ಎರಡರಲ್ಲಿ ಒಂದನ್ನು ಮಾತ್ರ ಕೊಡುವ ಕರಾರಿನ ಮೇಲೆ.