ಹತ್ತೊಂಬತ್ತನ್ನು ಆರರಿಂದ ಭಾಗಿಸಿದಾಗ: ಚಲಿಸುವ ಬಂಧುತ್ವದ ಕುರಿತು ಒಂದು ತಾತ್ವಿಕ ಪ್ರವೇಶ

ಪ್ರಸ್ತಾವನೆ

ಬಂಧುತ್ವವೆಂಬುದು ಸ್ಥಿರ ರಚನೆಯಲ್ಲ. ಅದು ಚಲನೆಯಲ್ಲಿ ಕಟ್ಟಲ್ಪಡುವ, ಕಟ್ಟಲ್ಪಡುವಾಗಲೇ ಒಡೆಯಲ್ಪಡುವ, ಒಡೆಯಲ್ಪಟ್ಟ ಮೇಲೆ ಪುಳಿಯೋಗರೆಯ ಮೂಲಕ ಮರುಕಟ್ಟಲ್ಪಡುವ ಒಂದು ಬಹುಸ್ತರೀಯ ಸಂಕಥನ.

ಈ ವಾಕ್ಯ ಅರ್ಥವಾಗದಿದ್ದರೆ ಗಾಬರಿ ಬೇಡ, ನನಗೂ ಆಗಿಲ್ಲ. ಕಳೆದ ತಿಂಗಳು ಒಂದು ಕಾಲೇಜಿನ ವಿಚಾರ ಸಂಕಿರಣದಲ್ಲಿ ಇಂಥವನ್ನು ನಲವತ್ತು ನಿಮಿಷ ಕೇಳಿಸಿಕೊಂಡು ಬಂದಿದ್ದೇನೆ, ಎಲ್ಲಾದರೂ ಇಳಿಸಬೇಕು. ವಿಷಯ, ಗ್ರಾಮೀಣ ಅವಿಭಕ್ತ ಕುಟುಂಬದ ವಿಘಟನೆ. 'ಅವಿಭಕ್ತ ಕುಟುಂಬವು ಇಂದು ಸ್ಮೃತಿಯ ಪಳೆಯುಳಿಕೆ ಮಾತ್ರ' ಎಂದು ವಿದ್ವಾಂಸರು ಗೋಡೆಯ ಮೇಲೆ ಬಿದ್ದ ಸ್ಲೈಡಿನ ಬಾಣದ ಗುರುತನ್ನು ತೋರಿಸುತ್ತಿದ್ದಾಗಲೇ ನನ್ನ ಜೇಬಿನಲ್ಲಿ ಫೋನು ಮೂರನೆಯ ಸಲ ನಡುಗಿತು. ಚಿಕ್ಕಮ್ಮ. ರಾಮೇಶ್ವರಕ್ಕೆ ಟಿಕೆಟ್ ಮಾಡಬೇಕು, ಎಲ್ಲರ ವಯಸ್ಸು ಬರೆದುಕೋ ಅಂದರು. ಹೊರಗೆ ಹೋಗಿ ಬರೆದುಕೊಂಡೆ. ಪಳೆಯುಳಿಕೆಗಳು ಒಟ್ಟು ಹದಿನಾರು.

ಅಧ್ಯಯನ ಕ್ಷೇತ್ರ

ಚನ್ನರಾಯಪಟ್ಟಣ. ಹಾಸನ ಜಿಲ್ಲೆಯದಲ್ಲ, ದೇವನಹಳ್ಳಿ ತಾಲ್ಲೂಕಿನದು. ಇದನ್ನು ನಾವು ಹುಟ್ಟಿದಾಗಿನಿಂದ ಹೇಳುತ್ತಲೇ ಇದ್ದೇವೆ. ಹಾಸನದವರ ಚನ್ನರಾಯಪಟ್ಟಣಕ್ಕೆ ರೈಲ್ವೆ ಸ್ಟೇಷನ್ ಇದೆ. ನಮಗೆ 2008ರಿಂದ ತಲೆಯ ಮೇಲೆ ವಿಮಾನವಿದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತ ತಲೆ ಎತ್ತಿದರೆ ಅದರ ಹೊಟ್ಟೆಯ ಚಕ್ರ ಕಾಣುತ್ತದೆ. ಕಾಶಿಗೆ ಹೋಗುವುದಕ್ಕೆ ಮಾತ್ರ ಎರಡು ಟ್ರ್ಯಾಕ್ಸ್ ಮಾಡಿಕೊಂಡು ಮೆಜೆಸ್ಟಿಕ್ಕಿಗೇ ಇಳಿಯಬೇಕಿತ್ತು.

ಈ ಅಧ್ಯಯನದ ಪ್ರಾಥಮಿಕ ಆಕರ 2019ರ ಫೆಬ್ರವರಿಯಲ್ಲಿ ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ನಡೆದ ನಮ್ಮ ಕಾಶಿಯಾತ್ರೆ. ರಾಗಿ ಕಣ ಮುಗಿದಿತ್ತು, ಗೂಡು ಮಾರಿಯಾಗಿತ್ತು, ಮುಂದಿನ ಬೆಳೆಗೆ ಮೊಟ್ಟೆ ತಂದಿರಲಿಲ್ಲ. ರೇಷ್ಮೆ ಸಾಕುವ ಮನೆಯವರೆಲ್ಲ ಒಟ್ಟಿಗೆ ಊರು ಬಿಡಬಹುದಾದದ್ದು ಈ ಹದಿನೈದು ದಿನ ಮಾತ್ರ. ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಪೊರೆ ಬಿಟ್ಟು, ಸೊಪ್ಪಿಗೆ ಬಿದ್ದಿತೆಂದರೆ ವಿಶ್ವನಾಥನೇ ಬಂದು ಕರೆದರೂ ಯಾರೂ ಹೊರಡುವುದಿಲ್ಲ. ನಾಲ್ಕು ಹಸುಗಳನ್ನು ಬೀಗರ ಮನೆಗೆ ಹೊಡೆದದ್ದಾಯಿತು. ಜನ ಹತ್ತೊಂಬತ್ತು, ನಗ ಮೂವತ್ತೊಂದು.

ಶೇಷ ಸಿದ್ಧಾಂತ

ಕುಟುಂಬ ಎಂದರೆ ಎಷ್ಟು ಜನ? ಇದು ಸಮಾಜಶಾಸ್ತ್ರದ ಮೂಲಪ್ರಶ್ನೆಯಂತೆ. ರೇಷನ್ ಕಾರ್ಡಿನ ಪ್ರಕಾರ, ಒಂದು ಒಲೆಗೆ ಸೇರಿದವರು. ನಮ್ಮ ಅಜ್ಜಿಯ ಪ್ರಕಾರ, ಪಿತೃಪಕ್ಷದಲ್ಲಿ ಎಡೆ ಇಟ್ಟಾಗ ಕರೆಯದೆಯೂ ಬಂದು ಕೂರುವವರು. ರೈಲ್ವೆಯ ಪ್ರಕಾರ ಆರು. ಆನ್‌ಲೈನಿನಲ್ಲಿ ಒಂದು ಟಿಕೆಟಿಗೆ ಆರು ಹೆಸರು, ಏಳನೆಯವರು ಬೇರೆ ಟಿಕೆಟು. ಹತ್ತೊಂಬತ್ತನ್ನು ಆರರಿಂದ ಭಾಗಿಸಿದರೆ ಭಾಗಲಬ್ಧ ಮೂರು, ಶೇಷ ಒಂದು. ಈ ಒಂದನ್ನು ನೆನಪಿಡಿ.

ಎರಡನೆಯ ಪ್ರಮೇಯ ಇನ್ನೂ ಗಹನವಾದದ್ದು. ಸ್ಲೀಪರ್ ಬೋಗಿಯಲ್ಲಿ ನಿಮ್ಮ ಬರ್ತಿನ ಸಂಖ್ಯೆಯನ್ನು ಎಂಟರಿಂದ ಭಾಗಿಸಿ. ಶೇಷ ಒಂದು ಅಥವಾ ನಾಲ್ಕು ಬಂದರೆ ಲೋಯರ್. ಎರಡು ಅಥವಾ ಐದಾದರೆ ಮಿಡ್ಲ್. ಮೂರು, ಆರು ಅಪ್ಪರ್. ಏಳು ಸೈಡ್ ಲೋಯರ್. ಶೇಷವೇ ಇಲ್ಲದಿದ್ದರೆ ಸೈಡ್ ಅಪ್ಪರ್, ಅಂದರೆ ಕಾಲು ಇಳಿಬಿಟ್ಟರೆ ಓಡಾಡುವವರ ಮೂಗಿಗೆ. ನಲವತ್ತು ಗಂಟೆಗೂ ಮಿಕ್ಕಿದ ಸುಖದುಃಖವನ್ನು ಒಂದು ಭಾಗಾಕಾರದಲ್ಲಿ ಹೇಳುವ ಇಂಥ ಶಾಸ್ತ್ರ ನಮ್ಮ ಜೋಯಿಸರ ಬಳಿಯೂ ಇಲ್ಲ. ಶೇಷ ಎರಡು ಬಂದ ಸೋದರಮಾವ, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮಾತ್ರ ಮಿಡ್ಲ್ ಬರ್ತ್ ಬಿಡಿಸಬೇಕು ಎಂಬ ನಿಯಮವನ್ನು ಮೊಬೈಲಿನಲ್ಲಿ ತೋರಿಸಿದ ಅಳಿಯನ ಜೊತೆ ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ.

ಆಗ ವಯಸ್ಸಿಗೊಂದು ಬೆಲೆಯೂ ಇತ್ತು. ಹೆಂಗಸರಿಗೆ 58 ಆದರೆ ಅರ್ಧ ಚಾರ್ಜು, ಗಂಡಸರಿಗೆ 60 ಆದರೆ ಶೇಕಡ 40 ರಿಯಾಯಿತಿ. ಮದುವೆ ಮನೆಗಳಲ್ಲಿ ಐವತ್ತು ದಾಟದ ದೊಡ್ಡಮ್ಮ ಟಿಕೆಟಿನ ದಿನ ತಾನಾಗಿ ಬಂದು 'ನಂಗೆ ಅರವತ್ತಾಗಿ ಎಷ್ಟು ಕಾಲ ಆಯ್ತೋ' ಅಂದರು. 2020ರ ಮಾರ್ಚ್ 20ರಂದು ಆ ರಿಯಾಯಿತಿ ನಿಂತಿತು. ಈ ಸಲ ರಾಮೇಶ್ವರದ ಪಟ್ಟಿಗೆ ಕೇಳಿದರೆ 'ಬರ್ಕೋ, ಏನೋ ಒಂದು' ಎಂದರು.

ವರ್ಗೀಕರಣ

ಪ್ರಯಾಣಿಕ ಬಂಧುಗಳನ್ನು ಏಳು ವರ್ಗಗಳಾಗಿ ವಿಂಗಡಿಸಬಹುದು.

ಅ) ಅಕಾಲಪೂರ್ವರು. ರೈಲು ಬೆಳಗ್ಗೆ ಒಂಬತ್ತರ ಸುಮಾರಿಗಾದರೆ ಇವರು ರಾತ್ರಿ ಎರಡಕ್ಕೇ ಸ್ನಾನ ಮುಗಿಸಿ, ಮಂಕಿ ಕ್ಯಾಪ್ ಹಾಕಿಕೊಂಡು ಜಗಲಿಯ ಮೇಲೆ ಕೂತಿರುತ್ತಾರೆ. ನಮ್ಮ ದೊಡ್ಡಪ್ಪ. ಟ್ರ್ಯಾಕ್ಸ್ ಡ್ರೈವರನ ಮನೆಗೇ ಹೋಗಿ ಅವನನ್ನು ಎಬ್ಬಿಸಿದವರು.

ಆ) ನಗಗಣಕರು. ಚಿಕ್ಕಪ್ಪ. ದೊಡ್ಡ ಸ್ಟೇಷನ್ ಬಂದಾಗಲೆಲ್ಲ ಬಗ್ಗಿ ಸೀಟಿನ ಕೆಳಗೆ ಟಾರ್ಚು ಬಿಟ್ಟು 'ಒಂದು, ಎರಡು' ಎಂದು ಶುರು ಮಾಡಿ, ಲೆಕ್ಕ ಸರಿಬಂದರೆ 'ಹ್ಞೂಂ' ಎಂದು ಎದ್ದು ಸರಪಳಿಯ ಬೀಗವನ್ನೊಮ್ಮೆ ಜಗ್ಗಿ ನೋಡುವುದು.

ಇ) ಅವರೋಹಿಗಳು. ರೈಲು ನಿಂತಲ್ಲೆಲ್ಲ ಬಾಟಲಿ ಹಿಡಿದು ಇಳಿಯುವವರು. ನಮ್ಮ ಭಾವ ವಿಜಯವಾಡದಲ್ಲಿ ಇಳಿದರು, ರೈಲು ಹೊರಟಿತು, ಅಕ್ಕ ಬಾಯಿ ಬಡಿದುಕೊಂಡಳು, ಯಾರೋ ಚೈನಿಗೆ ಕೈ ಹಾಕಿದರು (1989ರ ರೈಲ್ವೆ ಕಾಯ್ದೆ, 141ನೇ ಕಲಮು: ಒಂದು ವರ್ಷದವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ). ಅಷ್ಟರಲ್ಲಿ ಪಕ್ಕದ ಬೋಗಿಯಿಂದ ಭಾವ ಆರಾಮವಾಗಿ ನಡೆದು ಬಂದರು. ಬಾಟಲಿ ಖಾಲಿ.

ಈ) ನಿದ್ರಾಸಾರ್ವಭೌಮರು. ಇವರ ಬಗ್ಗೆ ಹೇಳುವುದಕ್ಕೇನಿದೆ, ಮಲಗಿದ್ದರು. ಉಳಿದ ಮೂರು ವರ್ಗ ಬರೆಯುವುದಕ್ಕೆ ನನಗೇ ಬೇಜಾರು. ನಿಮ್ಮ ನಿಮ್ಮ ನೆಂಟರನ್ನು ಹಾಕಿಕೊಳ್ಳಿ.

ಕೇಂದ್ರ, ಅಂಚು ಮತ್ತು ಚಕ್ಕುಲಿ ಡಬ್ಬ

ಸಂಕಿರಣಗಳಲ್ಲಿ 'ಅಂಚು' ಎಂಬ ಮಾತು ಬಂದಾಗ ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ಅಂಚಿನವರನ್ನು ಕೇಂದ್ರಕ್ಕೆ ತರಬೇಕು ಎನ್ನುತ್ತಾರೆ. ಆಮೇಲೆ ಊಟಕ್ಕೆ ಹೋಗುತ್ತಾರೆ.

ನಮ್ಮ ಹತ್ತೊಂಬತ್ತರಲ್ಲಿ ಹದಿನೆಂಟು ಜನಕ್ಕೆ ಎಸ್-4 ಸಿಕ್ಕಿತು. ಶೇಷ ಒಂದಕ್ಕೆ ಎಸ್-9, ಸೈಡ್ ಅಪ್ಪರ್. ಆ ಒಂದು, ನಮ್ಮ ಸೋದರತ್ತೆ. ಇಪ್ಪತ್ತಾರಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವರು. ಆಮೇಲೆ ಆ ಮನೆಯಲ್ಲಿ ಹುಳ ಸಾಕಿದ್ದು, ಹಸು ಕರೆದದ್ದು, ನನ್ನನ್ನೂ ಸೇರಿಸಿ ಎಂಟು ಮಕ್ಕಳಿಗೆ ಎಣ್ಣೆ ನೀರು ಹಾಕಿದ್ದು ಅವರೇ. ತಾತ ಇದ್ದಾಗಲೇ 'ನನಗ್ಯಾಕೆ' ಅಂತ ಹಕ್ಕು ಬಿಡುಗಡೆಗೆ ಹೆಬ್ಬೆಟ್ಟು ಒತ್ತಿಕೊಟ್ಟಿದ್ದರು.

ಅಂಚಿಗೆ ಹೋಗುವಾಗ ಅತ್ತೆ ತಮ್ಮ ಚೀಲ ತಾವೇ ಹೊತ್ತುಕೊಂಡರು. ಜೋಲಾರ್‌ಪೇಟೆ ದಾಟಿದ ಮೇಲೆ ತಿಳಿಯಿತು, ಚಕ್ಕುಲಿ, ಕೋಡುಬಳೆ, ನಿಪ್ಪಟ್ಟಿನ ಡಬ್ಬಗಳೂ ಹುಚ್ಚೆಳ್ಳು ಚಟ್ನಿಪುಡಿಯೂ ಇದ್ದದ್ದು ಆ ಚೀಲದಲ್ಲಿ. ಎಸ್-4ರಲ್ಲಿ ಉಳಿದದ್ದು ಕಾಶಿಯಲ್ಲಿ ಮುದ್ದೆ ಮಾಡಲೆಂದು ತಂದ ರಾಗಿಹಿಟ್ಟು ಮತ್ತು ಚೀಲದಿಂದ ಹೊರಗೆ ತಲೆ ಹಾಕಿದ್ದ ಮುದ್ದೆ ಕೋಲು. ಎದುರಿನ ಬಿಹಾರದ ಹುಡುಗ ಅದನ್ನು ನೋಡಿ ಅದೇನೆಂದು ಕೇಳಿದ. ದೊಡ್ಡಪ್ಪ ಕನ್ನಡದಲ್ಲಿ, ಅವನು ಹಿಂದಿಯಲ್ಲಿ, ಇಬ್ಬರೂ ಒಂದು ಗಂಟೆ ಮಾತಾಡಿದರು. ಇಬ್ಬರಿಗೂ ಎಲ್ಲ ತಿಳಿಯಿತು.

ಹಸಿವಾದಂತೆಲ್ಲ ಕುಟುಂಬವು ಒಬ್ಬೊಬ್ಬರಾಗಿ ಐದು ಬೋಗಿ ದಾಟಿ ಅಂಚಿಗೆ ವಲಸೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಎಸ್-9ರ ಸೈಡ್ ಲೋಯರ್ ಮೇಲೆ ನಮ್ಮ ಮನೆಯ ಐದು ಜನ ಕೂತಿದ್ದರು, ಆ ಸೀಟಿನ ಮಾಲೀಕರ ಕೈಯಲ್ಲೂ ಕೋಡುಬಳೆ ಇತ್ತು. ಹೀಗೆ ಅಂಚೇ ಕೇಂದ್ರವಾಯಿತು ಎಂಬ ತೀರ್ಮಾನಕ್ಕೆ ಬಂದು ಈ ಅಧ್ಯಾಯ ಮುಗಿಸಬಹುದಿತ್ತು, ಚಪ್ಪಾಳೆಯೂ ಬೀಳುತ್ತಿತ್ತು. ಆದರೆ ಎರಡನೆಯ ದಿನ ಇಟಾರ್ಸಿ ದಾಟಿದ ಮೇಲೆ ಕುಂಭಮೇಳಕ್ಕೆ ಹೊರಟವರು ತುಂಬಿಕೊಂಡು ನಡುವಿನ ದಾರಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಚಕ್ಕುಲಿಗೆಂದು ಹೋಗುವುದು ನಿಂತಿತು. ಅತ್ತೆಗೆಂದು ಹೋಗುವವರು ಆ ಸಂಜೆ ಒಬ್ಬರೇ ಉಳಿದಿದ್ದರು: ದೊಡ್ಡಪ್ಪ. ಮೊಸರನ್ನದ ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದು, ಜನರ ನಡುವೆ ನುಸುಳಿ ಹೋದವರು ರಾತ್ರಿ ವಾಪಸ್ ಬರಲಿಲ್ಲ. ನಾವು ಗಮನಿಸಲೂ ಇಲ್ಲ.

ನಸುಕಿನಲ್ಲಿ ಮೊಗಲ್‌ಸರಾಯಿ. ಬೋರ್ಡಿನ ಮೇಲೆ ಹೊಸ ಹೆಸರು ಬಂದು ಆರು ತಿಂಗಳಾಗಿತ್ತು. ಅದು ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್, ಇಳಿಯಬೇಕಾದ್ದು ಇಲ್ಲೇ ಎಂದು ಅಜ್ಜಿಯನ್ನು ನಂಬಿಸಿ ಇಳಿಸುವಷ್ಟರಲ್ಲಿ ಸಾಕಾಯಿತು. ಪ್ಲಾಟ್‌ಫಾರ್ಮಿನಲ್ಲಿ ಮಂಜು. ಚಿಕ್ಕಪ್ಪ ಟಾರ್ಚು ಬಿಟ್ಟು ಎಣಿಸಿದರು. ಮೂವತ್ತು. ಮತ್ತೆ ಎಣಿಸಿದರು. ಮೂವತ್ತೇ. 'ಒಂದು ನಗ ಕಮ್ಮಿ ಐತಲ್ಲೋ!' ಎಂದು ಕೂಗಿದರು. ಯಾವುದು, ಯಾವುದು ಎಂದು ಹುಡುಕಾಡುವಾಗ ಚಿಕ್ಕಮ್ಮ ಹೇಳಿದರು, 'ಚಕ್ಕುಲಿ ಚೀಲ.'

ಆಗ ನಮಗೆ ಅತ್ತೆಯ ನೆನಪಾಯಿತು.

ಚೀಲ ಕಮ್ಮಿಯಾದದ್ದು ತಿಳಿಯಿತು, ಇಬ್ಬರು ಮನುಷ್ಯರು ಕಮ್ಮಿಯಾದದ್ದು ಹದಿನೇಳು ಜನರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಅಷ್ಟು ಹೊತ್ತಿಗೆ ಮಂಜಿನೊಳಗಿಂದ ದೊಡ್ಡಪ್ಪ ಚೀಲ ಹೊತ್ತು, ಅತ್ತೆ ಅವರ ಹಿಂದೆ ಖಾಲಿ ಡಬ್ಬಿ ಹಿಡಿದು ನಡೆದು ಬಂದರು. ಯಾರೂ ಏನೂ ಕೇಳಲಿಲ್ಲ. ಚಿಕ್ಕಪ್ಪ 'ಹ್ಞೂಂ, ಮೂವತ್ತೊಂದು' ಎಂದರು.

ಸಂಶೋಧನೆಯ ಇತಿಮಿತಿ

ಪ್ರಬಂಧಗಳ ಕೊನೆಗೆ ಇತಿಮಿತಿ ಎಂದೊಂದು ಇರುತ್ತದೆ. ನನ್ನದು ಇದು: ಆ ನಾಲ್ಕು ಟಿಕೆಟು ಮಾಡಿದವನು ನಾನೇ. ಬುಕಿಂಗ್ ಶುರುವಾದ ಬೆಳಗ್ಗೆ ಎಂಟಕ್ಕೆ ಕೂತು ದೊಡ್ಡಪ್ಪನ ಮನೆ ಆರು, ಚಿಕ್ಕಪ್ಪನ ಮನೆ ಆರು, ನಮ್ಮ ಮನೆ ಆರು ಎಂದು ಹೆಸರು ಹೊಡೆದೆ. ಅತ್ತೆ ಮೂರೂ ಮನೆಗೆ ಸೇರಿದವರು. ಅದಕ್ಕೇ ಉಳಿದರು. ರೈಲ್ವೆ ಆರು ಎಂದಿತ್ತೇ ಹೊರತು ಯಾವ ಆರು ಎಂದು ಹೇಳಿರಲಿಲ್ಲ.

2013ರ ಭೂಸ್ವಾಧೀನ ಕಾಯ್ದೆಯಲ್ಲೂ ಕುಟುಂಬಕ್ಕೊಂದು ವ್ಯಾಖ್ಯೆ ಇದೆ: ಒಬ್ಬ ವ್ಯಕ್ತಿ, ಆ ವ್ಯಕ್ತಿಯ ಗಂಡ ಅಥವಾ ಹೆಂಡತಿ, ಅಪ್ರಾಪ್ತ ಮಕ್ಕಳು, ಅವಲಂಬಿಸಿರುವ ಅಪ್ರಾಪ್ತ ತಮ್ಮ ತಂಗಿಯರು. ವಿಧವೆಯನ್ನು ಪ್ರತ್ಯೇಕ ಕುಟುಂಬವೆಂದು ಎಣಿಸಬೇಕು. ಪರಿಹಾರ ತಪ್ಪಬಾರದೆಂದು ಒಳ್ಳೆಯ ಮನಸ್ಸಿನಿಂದಲೇ ಬರೆದಿರಬೇಕು. ಆದರೂ ಆ ಸಾಲು ಓದುವಾಗ ನನ್ನ ಕಣ್ಣಿಗೆ ಎಸ್-9 ಕಟ್ಟುತ್ತದೆ. ನಮ್ಮ ಜಮೀನು ಕೇಳಿಕೊಂಡು ಮನೆಗೆ ಬಂದ ನೋಟಿಸಿಗೆ ಅಷ್ಟು ಕೂಡ ಬೇಕಿರಲಿಲ್ಲ. ಅದು 1966ರ ಇನ್ನೊಂದು ಕಾಯ್ದೆಯದು. ಪಹಣಿಯಲ್ಲಿದ್ದ ತಾತನ ಹೆಸರಿಗೆ, ತಾತ ಸತ್ತು ಹನ್ನೊಂದು ವರ್ಷದ ಮೇಲೆ ಬಂತು.

ಏರೋಸ್ಪೇಸ್ ಪಾರ್ಕಿಗೆಂದು ನಮ್ಮ ಹೋಬಳಿಯ 13 ಹಳ್ಳಿಗಳ 1,777 ಎಕರೆ. ವರದಿಗಳಲ್ಲಿ ನಾವು 'ಯೋಜನಾ ಬಾಧಿತರು'. ಬಾಧೆ ಏನೆಂದು ಬರೆಯುವವರಿಗೆ ಗೊತ್ತೇ? ಚಕ್ಕೋತದ ಗಿಡ ಫಲ ಬಿಡಲು ಎಷ್ಟು ವರ್ಷ ಕಾಯಬೇಕೆಂದು ಗೊತ್ತೇ? ಸೊಪ್ಪಿಲ್ಲದ ಮನೆಯಲ್ಲಿ ಹುಳದ ತಟ್ಟೆಗಳನ್ನು ಏನು ಮಾಡುತ್ತಾರೆಂದು? ಆ ದಿನಗಳಲ್ಲಿ ದೊಡ್ಡಪ್ಪ ಆಡಿದ್ದು ಒಂದೇ ಮಾತು: 'ಕಾಶೀಲಿ ಹೀರೇಕಾಯಿ ಬಿಟ್ಟು ಬಂದೆ ಕಣಪ್ಪಾ. ಜಮೀನು ಬಿಡ್ತೀನಿ ಅಂತ ಗಂಗಮ್ಮನ ತಾವ ನಾನು ಹೇಳಿರ್ಲಿಲ್ಲ.'

2022ರ ಏಪ್ರಿಲ್ 4ರಂದು ಧರಣಿ ಶುರುವಾಯಿತು. ನಮ್ಮ ಮನೆಯಿಂದ ಹೆಚ್ಚು ದಿನ ಕೂತವರು ಪಹಣಿಯಲ್ಲಿ ಹೆಸರಿಲ್ಲದ ಅತ್ತೆ. 1,198 ದಿನ ಕಳೆದ ಮೇಲೆ, 2025ರ ಜುಲೈ 15ರಂದು, ಸ್ವಾಧೀನ ಕೈಬಿಟ್ಟೆವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದರು. ಒಪ್ಪಿ ಕೊಡುವವರದನ್ನು ತೆಗೆದುಕೊಳ್ಳುತ್ತೇವೆ ಎಂಬ ಬಾಲವೂ ಜೊತೆಗಿತ್ತು. ದೊಡ್ಡಪ್ಪ ಅದನ್ನು ಕೇಳಲು ಇರಲಿಲ್ಲ. ಅಜ್ಜಿಯೂ ಇರಲಿಲ್ಲ, ಸೋದರಮಾವನ ಹೆಂಡತಿಯೂ.

ಕಾಶಿಗೆ ಹೋದವರು ರಾಮೇಶ್ವರಕ್ಕೂ ಹೋಗಬೇಕು, ಇಲ್ಲದಿದ್ದರೆ ಯಾತ್ರೆ ಪೂರ್ತಿಯಾಗದು. ಹದಿನಾರನ್ನು ಆರರಿಂದ ಭಾಗಿಸಿದರೆ ಶೇಷ ನಾಲ್ಕು. ಅತ್ತೆಯ ಹೆಸರನ್ನು ಮೊದಲ ಟಿಕೆಟಿನಲ್ಲಿ ಮೊದಲನೆಯದಾಗಿ ಹಾಕಿದ್ದೇನೆ. ಆದರೆ ವೈಟಿಂಗ್ ಲಿಸ್ಟು ಯಾರನ್ನು ಯಾವ ಬೋಗಿಗೆ ಒಗೆಯುತ್ತದೋ ಚಾರ್ಟ್ ಬರುವವರೆಗೆ ತಿಳಿಯದು. ಅದಕ್ಕೇ ಓದುಗರಲ್ಲಿ ಒಂದು ಅರಿಕೆ. ರೈಲಿನಲ್ಲಿ ಯಾರಾದರೂ ಬಂದು, 'ಸಾರ್, ನಮ್ಮತ್ತೆ ಆ ಕಡೆ ಬೋಗೀಲಿ ಒಬ್ರೇ ಇದಾರೆ, ಸೀಟು ಬದಲಾಯಿಸ್ಕೊಳ್ತೀರಾ' ಎಂದು ಕೇಳಿದರೆ, ಗೊಣಗದೆ ಎದ್ದು ಹೋಗಿ. ಚಕ್ಕುಲಿ ಕೊಡುತ್ತೇವೆ.